ನಿವೃತ್ತ ವಾರ್ಡರ್ ಒಬ್ಬರಿಗೆ ಜೈಲಿನ ನೆನಪುಗಳನ್ನು ಓದಿ ಹೇಳುವುದು

ಪ್ರಶ್ನೆ
ಉತ್ತರ ಕರ್ನಾಟಕದ ಜೈಲೊಂದರಲ್ಲಿ ವಾರ್ಡರ್ ಆಗಿದ್ದ ನನ್ನ ತಂದೆಯವರಿಗೆ ಈಗ ಕಣ್ಣು ಮಂಜಾಗಿದೆ. 1981ರಲ್ಲಿ ದೆಹಲಿಯ ತಿಹಾರ್ ಜೈಲಿನ ಅಧಿಕಾರಿಯಾಗಿ ಸೇರಿದ ಸುನಿಲ್ ಗುಪ್ತಾ ಅವರು ಪತ್ರಕರ್ತೆ ಸುನೇತ್ರಾ ಚೌಧುರಿ ಅವರೊಡನೆ ಬರೆದ ‘ಬ್ಲ್ಯಾಕ್ ವಾರಂಟ್’ ಪುಸ್ತಕವನ್ನು ರಾತ್ರಿ ಊಟವಾದ ಮೇಲೆ ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಗುಪ್ತಾ ಕೆಲಸಕ್ಕೆ ಸೇರಲು ಹೋದ ದಿನ ಹುದ್ದೆಯೇ ಇಲ್ಲವೆಂದು ಅಧಿಕಾರಿಗಳು ಸಾಗಹಾಕಿದಾಗ, ಅಲ್ಲಿ ಕೈದಿಯಾಗಿದ್ದ ಸರಣಿ ಹಂತಕ ಚಾರ್ಲ್ಸ್ ಶೋಭರಾಜನೇ ನೇಮಕದ ಪತ್ರ ತಂದುಕೊಟ್ಟನೆಂಬ ಪ್ರಸಂಗವನ್ನು ತಂದೆಯವರು ಎರಡು ಸಲ ಓದಿಸಿ ಕೇಳಿದರು, ನಗಲಿಲ್ಲ. “ಸಂಜಿ ಎಣಿಕಿ ತಾಳೆ ಆಗೂತನಕ ನಮ್ಮನ್ನೂ ಹೊರಗ ಬಿಡ್ತಿರಲಿಲ್ಲ” ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿ ಮಲಗಿದರು. ಮುಂದೆ ಬರುವುದು ದೆಹಲಿಯಲ್ಲಿ ಮಕ್ಕಳಿಬ್ಬರನ್ನು ಅಪಹರಿಸಿ ಕೊಂದ ರಂಗಾ, ಬಿಲ್ಲಾ ಇಬ್ಬರನ್ನು 1982ರಲ್ಲಿ ಗಲ್ಲಿಗೇರಿಸಿದ ವಿವರ. ಎರಡು ಗಂಟೆಯಾದ ಮೇಲೂ ರಂಗಾನ ನಾಡಿ ಮಿಡಿಯುತ್ತಿತ್ತೆಂದು ಗುಪ್ತಾ ನೆನೆಯುತ್ತಾರೆ. ಇದನ್ನು ಓದಲೇ, ಬಿಡಲೇ?

ಶಾಲ್ಮಲಾ
ಕಣ್ಣಿಂದ ಓದುವವರು ಬೇಡವಾದ ಪುಟವನ್ನು ಮಗುಚಿ ಮುಂದೆ ಹೋಗಬಲ್ಲರು. ಕೇಳುತ್ತ ಮಲಗಿದವರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಮುಂದೆ ಏನು ಬರುತ್ತದೆಂದು ಮೊದಲೇ ತಿಳಿಸಿ, ಅವರನ್ನೇ ಕೇಳಿ. ನೀವಾಗಿಯೇ ಬಿಟ್ಟು ಓದಿದರೆ ಅವರಿಗೆ ಗೊತ್ತಾಗದೆ ಇರುವುದಿಲ್ಲ. ವರ್ಷಗಟ್ಟಲೆ ತಲೆ ಎಣಿಸಿದವರು ಅವರು.

ಒಬ್ಬ ವಕೀಲ, ಧಾರವಾಡ
ಓದಿರಿ, ಆದರೆ ಅದೊಂದನ್ನೇ ಓದಬೇಡಿ. ಕೀಲಿಕೈ ಹಿಡಿದವರ ನೆನಪು ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಬಾಗಿಲಿನ ಒಂದು ಬದಿಯಿಂದ ಕಂಡದ್ದು. ಅದೇ ತಿಹಾರ್‌ನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಇನ್ನೊಬ್ಬ ಸುನಿಲ್, ಅಂದರೆ ಸುನಿಲ್ ಬಾತ್ರಾ, ಜೊತೆಯ ಕೈದಿಯೊಬ್ಬನಿಗೆ ವಾರ್ಡರ್ ಹಣಕ್ಕಾಗಿ ಚಿತ್ರಹಿಂಸೆ ಕೊಟ್ಟನೆಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದಿದ್ದ. ನ್ಯಾಯಾಲಯವು ಆ ಪತ್ರವನ್ನೇ ಅರ್ಜಿಯೆಂದು ವಿಚಾರಣೆಗೆ ಎತ್ತಿಕೊಂಡಿತು. ಕೃಷ್ಣ ಅಯ್ಯರ್ ಅವರು ಬರೆದ ಆ ತೀರ್ಪಿನ ಇಂಗ್ಲಿಷ್ ಬಲು ಬಿಗಿ. ನಿಮಗೆ ಸ್ವಲ್ಪ ತ್ರಾಸಾಗಬಹುದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಎರಡನ್ನೂ ಹೇಳಿ, ಯಾವುದನ್ನು ಓದಲೆಂದು ತಂದೆಯವರನ್ನೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಗಲ್ಲಿಂದು ಆಮ್ಯಾಲ ಓದು. ಆ ವಾರ್ಡರ್‌ನ ನೌಕರಿ ಉಳೀತೋ, ಹೋತೋ?” ಎಂದರು. ತೀರ್ಪಿನಲ್ಲಿ ಅದನ್ನೇ ಹುಡುಕುತ್ತಿದ್ದೇನೆ.