ಅಯಾಕ್ಸ್ ಅಕಾಡೆಮಿಯ ಹುಡುಗರಲ್ಲಿ ಕ್ರೈಫ್ ನಂತರ ಯಾರು?

ಕಾರ್ನರ್_ಫ್ಲ್ಯಾಗ್

ನನಗೂ ನನ್ನ ತಮ್ಮನಿಗೂ ಒಂದು ವಾದ ಶುರುವಾಗಿದೆ, ಮುಗಿಯುವ ಲಕ್ಷಣವೇ ಇಲ್ಲ. ನೆದರ್ಲ್ಯಾಂಡ್ಸ್‌ನ ಫುಟ್‌ಬಾಲ್ ಕ್ಲಬ್ ಅಯಾಕ್ಸ್‌ನ ಯೂತ್ ಅಕಾಡೆಮಿಯಲ್ಲಿ ಬೆಳೆದವರಲ್ಲಿ ಅತ್ಯುತ್ತಮ ಆಟಗಾರ ಯಾರು ಅಂತ. ಯೊಹಾನ್ ಕ್ರೈಫ್ ಹೆಸರು ಮೊದಲು ಬರುತ್ತದೆ, ಗೊತ್ತು. ಹತ್ತನೇ ವಯಸ್ಸಿಗೆ ಕ್ಲಬ್ ಸೇರಿದವನು, 1971ರಿಂದ 1973ರವರೆಗೆ ಸತತ ಮೂರು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದವನು, ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಅನ್ನು ಮೂರು ಸಲ ಪಡೆದವನು. ಅವನನ್ನು ಪಕ್ಕಕ್ಕಿಡಿ. ಎರಡನೇ ಕುರ್ಚಿ ಯಾರದ್ದು ಅನ್ನುವುದಷ್ಟೇ ಪ್ರಶ್ನೆ.

ಒಂದು ಷರತ್ತು ಇದೆ. ಹದಿನೈದು ತುಂಬುವ ಮೊದಲೇ ಅಯಾಕ್ಸ್‌ಗೆ ಬಂದಿರಬೇಕು. ಬೇರೆ ಕಡೆ ಬೇಯಿಸಿದ್ದನ್ನು ಇಲ್ಲಿ ತಂದು ಬಡಿಸಿದರೆ ಲೆಕ್ಕಕ್ಕಿಲ್ಲ. ಹಾಗಾಗಿ ಮಾರ್ಕೊ ಫಾನ್ ಬಾಸ್ಟನ್ ಹೊರಗೆ, ಅವನು ಹದಿನಾರರಲ್ಲಿ ಎಲಿಂಕ್‌ವೈಕ್ ಕ್ಲಬ್‌ನಿಂದ ಬಂದವನು. ಎರಿಕ್ಸನ್, ವೆರ್ಟೊಂಗನ್ ಕೂಡ ಹೊರಗೆ. ಫ್ರೆಂಕಿ ಡಿ ಯೊಂಗ್ ಅಂತೂ ವಿಲೆಮ್ ಟು ಕ್ಲಬ್‌ನ ಹುಡುಗ.

ತಮ್ಮ ಡಿಫೆಂಡರ್ ಡಿ ಲಿಖ್ಟ್ ಹೆಸರು ಹೇಳುತ್ತಾನೆ. ನಾನು ಮಿಡ್‌ಫೀಲ್ಡರ್ ಸ್ನೈಡರ್ ಕಡೆ. ಇಬ್ಬರೂ ಹಳೇ ಕಾಲದ ಆಟ ಜಾಸ್ತಿ ನೋಡಿಲ್ಲ. ನೋಡಿದವರು ದಯವಿಟ್ಟು ಹೇಳಿ.

ಬೆಂಚ್_ವಾರ್ಮರ್

ನಿಮ್ಮ ತಮ್ಮನ ಪರ ನಾನೊಂದು ಮಾತು ಹಾಕುತ್ತೇನೆ. 2019ರ ಆ ಚಾಂಪಿಯನ್ಸ್ ಲೀಗ್ ಓಟ ನೋಡಿದವರು ಯಾರೂ ಡಿ ಲಿಖ್ಟ್‌ನನ್ನು ಮರೆಯಲಾರರು. ಹತ್ತೊಂಬತ್ತರ ಹುಡುಗ, ತೋಳಿಗೆ ಕ್ಯಾಪ್ಟನ್ ಪಟ್ಟಿ. ಎರಡು ಪಂದ್ಯಗಳ ಪೈಪೋಟಿಯಲ್ಲಿ ಮೊದಲ ಲೆಗ್ ಸೋತ ಮೇಲೆ ರಿಯಲ್ ಮ್ಯಾಡ್ರಿಡ್‌ನ ಮನೆಗೇ ಹೋಗಿ 4-1 ಹೊಡೆದು ಬಂದರು. ಆಮೇಲೆ ಟ್ಯೂರಿನ್‌ನಲ್ಲಿ ಯುವೆಂಟಸ್ ವಿರುದ್ಧ ಇವನದೇ ಹೆಡ್ಡರ್, 2-1. ಸೆಮಿಫೈನಲ್ ಎರಡನೇ ಲೆಗ್‌ನಲ್ಲೂ ಐದನೇ ನಿಮಿಷಕ್ಕೆ ಇವನೇ ಗೋಲು ಹೊಡೆದ. ಕೊನೆಗೆ ಟಾಟನ್‌ಹ್ಯಾಮ್‌ನ ಲುಕಾಸ್ ಮೌರಾ ಇಂಜುರಿ ಟೈಮ್‌ನ ಕೊನೇ ಗಳಿಗೆಯಲ್ಲಿ ತನ್ನ ಮೂರನೇ ಗೋಲು ಹಾಕಿ ಎಲ್ಲ ಹಾಳು ಮಾಡಿದ. ನಾನು ಟಿವಿ ಆಫ್ ಮಾಡಿ ಮಲಗಿದೆ, ನಿದ್ದೆ ಎಲ್ಲಿ ಬರಬೇಕು.

ಒಂಬತ್ತನೇ ವಯಸ್ಸಿನಿಂದ ಅಯಾಕ್ಸ್‌ನಲ್ಲೇ ಇದ್ದವನು, ನಿಮ್ಮ ಷರತ್ತಿಗೂ ಸರಿಹೋಗುತ್ತಾನೆ. ಯುವೆಂಟಸ್, ಬಯರ್ನ್, ಮ್ಯಾಂಚೆಸ್ಟರ್ ಯುನೈಟೆಡ್ ಅಂತ ಸುತ್ತುತ್ತಾ ಆ ಹೊಳಪು ಸ್ವಲ್ಪ ಮಂಕಾಯಿತು ಅನ್ನುವುದೂ ನಿಜ. ಅದೇ ಬ್ಯಾಚಿನ ಅಬ್ದೆಲ್‌ಹಕ್ ನೂರಿ 2017ರಲ್ಲಿ ಮೈದಾನದಲ್ಲೇ ಕುಸಿದು ಬೀಳದೆ ಇದ್ದಿದ್ದರೆ ಈ ಪಟ್ಟಿಯಲ್ಲಿ ಇನ್ನೊಂದು ಹೆಸರು ಇರುತ್ತಿತ್ತೇನೋ. ಅವನ ಜರ್ಸಿ ನಂಬರ್ 34. ಅಯಾಕ್ಸ್ 2019ರಲ್ಲಿ ಗೆದ್ದ ಲೀಗ್ ಕಿರೀಟವೂ 34ನೆಯದು.

ಹಳೇ_ಸ್ಟಾಪರ್

ಡೆನಿಸ್ ಬರ್ಗ್‌ಕ್ಯಾಂಪ್. ನನ್ನ ಮಟ್ಟಿಗೆ ಚರ್ಚೆ ಅಲ್ಲಿಗೇ ಮುಗಿಯಿತು. ಆದರೆ ಕಾರಣ ಹೇಳದಿದ್ದರೆ ನೀವು ಬಿಡುವುದಿಲ್ಲ, ಅಲ್ವಾ?

ನಾನು ಆಡಿದ್ದು ಸ್ಟಾಪರ್, ಅಂದರೆ ನಡು ಡಿಫೆಂಡರ್ ಜಾಗದಲ್ಲಿ. ದೊಡ್ಡ ಮಟ್ಟ ಏನಲ್ಲ, ಕಾಲೇಜು, ಆಮೇಲೆ ಕಂಪನಿ ತಂಡ. ಆದರೆ ಆ ಜಾಗದಲ್ಲಿ ನಿಂತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ಪಂದ್ಯ ನೋಡಿದರೂ ಕಣ್ಣು ಚೆಂಡಿನ ಮೇಲೆ ನಿಲ್ಲುವುದಿಲ್ಲ. ಚೆಂಡು ಬರುವ ಮುಂಚೆ ಎದುರಾಳಿ ಫಾರ್ವರ್ಡ್ ಏನು ಮಾಡುತ್ತಿದ್ದಾನೆ ಅಂತ ಹುಡುಕುತ್ತದೆ. ಜೋರಾಗಿ ಓಡುವವನನ್ನು ಕಂಡರೆ ನನಗೆ ಅಷ್ಟು ಭಯ ಇರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನಿಂತರೆ ಆಯಿತು. ಗಟ್ಟಿ ಮೈಯವನ ಜೊತೆ ಗುದ್ದಾಡಬಹುದು. ಆದರೆ ಸುಮ್ನೆ ನಿಂತಿರುವವನು ಒಬ್ಬ ಇರುತ್ತಾನೆ. ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿರುತ್ತಾನೆ, ಇಬ್ಬರು ಡಿಫೆಂಡರ್‌ಗಳ ನಡುವೆ ಎಲ್ಲಿ ಜಾಗ ಇದೆ ಅಂತ ಮೊದಲೇ ಲೆಕ್ಕ ಹಾಕಿಟ್ಟಿರುತ್ತಾನೆ. ಅವನನ್ನು ಮಾರ್ಕ್ ಮಾಡುವುದಿದೆಯಲ್ಲ, ಅದು ಯಾವ ಶತ್ರುವಿಗೂ ಬೇಡ.

1998ರ ವಿಶ್ವಕಪ್ ಕ್ವಾರ್ಟರ್ ಫೈನಲ್ ತೆಗೆದು ನೋಡಿ. ಮಾರ್ಸೆಯಲ್ಲಿ ಅರ್ಜೆಂಟೀನಾ ವಿರುದ್ಧ ನೆದರ್ಲ್ಯಾಂಡ್ಸ್, 1-1. ಇನ್ನೇನು ತೊಂಬತ್ತು ನಿಮಿಷ ಮುಗಿಯಬೇಕು. ಎರಡೂ ಕಡೆ ಒಬ್ಬೊಬ್ಬರು ಕೆಂಪು ಕಾರ್ಡ್ ಪಡೆದು ಹೋಗಿದ್ದಾರೆ. ಫ್ರಾಂಕ್ ಡಿ ಬೋರ್ ತನ್ನ ಅರ್ಧದಿಂದಲೇ ಎಡಗಾಲಲ್ಲಿ ಉದ್ದಕ್ಕೆ ಒಂದು ಪಾಸ್ ಎತ್ತಿದ. ಬರ್ಗ್‌ಕ್ಯಾಂಪ್ ಬಾಕ್ಸ್‌ನ ಬಲಗಡೆ ಗಾಳಿಗೆ ಹಾರಿ ಬಲಗಾಲ ತುದಿಯಲ್ಲಿ ಚೆಂಡನ್ನು ಸತ್ತಂತೆ ಕೆಳಗಿಳಿಸಿದ. ಎರಡನೇ ಸ್ಪರ್ಶಕ್ಕೆ ಅರ್ಜೆಂಟೀನಾದ ಆಯಾಲಾ ಪಕ್ಕಕ್ಕೆ ಹೋದ. ಮೂರನೆಯದು ಪಾದದ ಹೊರಮೈಯಿಂದ ಬಲೆಗೆ. ಮೂರು ಸ್ಪರ್ಶವೂ ಒಂದೇ ಕಾಲಿನದ್ದು. ಆಯಾಲಾ ಸಾಮಾನ್ಯ ಡಿಫೆಂಡರ್ ಅಲ್ಲ. ಅವನು ಯಾವ ತಪ್ಪೂ ಮಾಡಲಿಲ್ಲ, ನಾನು ಎಷ್ಟೋ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಅವನು ಬಂದು ಮುಟ್ಟುವಷ್ಟರಲ್ಲಿ ಆ ಚೆಂಡಿನ ಮುಂದಿನ ಕಥೆ ತೀರ್ಮಾನ ಆಗಿಹೋಗಿತ್ತು.

ಅದೇ ಪಂದ್ಯದ ಮೊದಲ ಗೋಲನ್ನು ಜನ ಮರೆತೇಬಿಡುತ್ತಾರೆ. ಅದೂ ಬರ್ಗ್‌ಕ್ಯಾಂಪ್ ತಲೆಯಿಂದ ತಟ್ಟಿಕೊಟ್ಟದ್ದು, ಹೊಡೆದವನು ಕ್ಲೈವರ್ಟ್. ಆ ಹನ್ನೊಂದರಲ್ಲಿ ರೈಟ್ ಬ್ಯಾಕ್ ರೈಜಿಗರ್, ಡಿ ಬೋರ್ ಅವಳಿಗಳು, ಡೇವಿಡ್ಸ್, ಕ್ಲೈವರ್ಟ್, ಬರ್ಗ್‌ಕ್ಯಾಂಪ್, ಆರು ಮಂದಿ ಒಂದೇ ಅಕಾಡೆಮಿಯವರು. ಆ ಉದ್ದದ ಪಾಸ್ ಕೊಟ್ಟವನೂ, ಇಳಿಸಿಕೊಂಡವನೂ ಕಲಿತದ್ದು ಒಂದೇ ಕಡೆ. ಅಯಾಕ್ಸ್‌ನಲ್ಲಿ ಚಿಕ್ಕ ಹುಡುಗರ ತಂಡದಿಂದ ಹಿಡಿದು ಸೀನಿಯರ್ ತಂಡದವರೆಗೆ ಅದೇ 4-3-3 (ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು) ಆಡಿಸುತ್ತಾರೆ. ಹುಡುಗ ಮೇಲಿನ ತಂಡಕ್ಕೆ ಹೋದಾಗ ಪಕ್ಕದಲ್ಲಿರುವವರ ಮುಖ ಬದಲಾಗುತ್ತದೆ, ನಿಲ್ಲುವ ಜಾಗ ಬದಲಾಗುವುದಿಲ್ಲ.

ಅದಕ್ಕೇ ನನ್ನ ಅಳತೆ ಬೇರೆ. ಕಪ್ ಎಷ್ಟು ಗೆದ್ದ ಅಂತ ನೋಡುವುದಿಲ್ಲ. ಇವನ ಆಟದಲ್ಲಿ ಅಕಾಡೆಮಿ ಕಲಿಸಿದ್ದು ಎಷ್ಟು ಕಾಣುತ್ತದೆ, ಎಷ್ಟು ವರ್ಷ ಕಾಣುತ್ತದೆ ಅಂತ ನೋಡುತ್ತೇನೆ. ಕ್ಲೈವರ್ಟ್ ಏಳನೇ ವಯಸ್ಸಿಗೇ ಬಂದವನು. 1995ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮಿಲಾನ್ ವಿರುದ್ಧ ಬದಲಿಯಾಗಿ ಇಳಿದು 85ನೇ ನಿಮಿಷಕ್ಕೆ ಗೋಲು ಹೊಡೆದಾಗ ಅವನಿಗಿನ್ನೂ ಹದಿನೆಂಟು. ಆದರೆ ಮೊಣಕಾಲು ಕೈಕೊಟ್ಟಿತು, ಮೂವತ್ತರ ಹೊತ್ತಿಗೆ ದೊಡ್ಡ ಕ್ಲಬ್‌ಗಳಿಂದ ದೂರ ಆಗಿದ್ದ. ಬರ್ಗ್‌ಕ್ಯಾಂಪ್ 37ರ ತನಕ ಆರ್ಸೆನಲ್‌ನಲ್ಲಿ ಉಳಿದ. ವೇಗ ಯಾವಾಗಲೋ ಹೋಗಿತ್ತು. ಆದರೆ ಫಸ್ಟ್ ಟಚ್ ಹೋಗಿರಲಿಲ್ಲ, ಭುಜದ ಮೇಲಿಂದ ಹಿಂದೆ ನೋಡುವ ಅಭ್ಯಾಸವೂ ಹೋಗಿರಲಿಲ್ಲ. 2003-04ರಲ್ಲಿ ಲೀಗ್‌ನಲ್ಲಿ ಒಂದೂ ಪಂದ್ಯ ಸೋಲದ ಆ ತಂಡದಲ್ಲಿ ಅವನಿಗೆ ಮೂವತ್ತನಾಲ್ಕು ದಾಟಿತ್ತು.

ನಿಮ್ಮ ಷರತ್ತಿನ ಬಗ್ಗೆ ಸ್ವಲ್ಪ ತಕರಾರು ಇದೆ. ಮಿಡ್‌ಫೀಲ್ಡರ್ ರೈಕಾರ್ಡ್ ಹೊರಗೆ ಹೋಗುತ್ತಾನಲ್ಲ! ಡಿಡಬ್ಲ್ಯೂಎಸ್ ಕ್ಲಬ್‌ನಿಂದ ತಡವಾಗಿ ಬಂದ ಅನ್ನುವುದೇ ಅವನ ಅಪರಾಧ. 1990ರಲ್ಲಿ ವಿಯೆನ್ನಾದಲ್ಲಿ ಮಿಲಾನ್ ಪರ ಬೆನ್‌ಫಿಕಾ ವಿರುದ್ಧ ಯುರೋಪಿಯನ್ ಕಪ್ ಗೆಲ್ಲಿಸಿದ ಗೋಲು ಅವನದ್ದು. ಐದು ವರ್ಷ ಬಿಟ್ಟು ಅದೇ ಸ್ಟೇಡಿಯಂನಲ್ಲಿ, ಅದೇ ಮಿಲಾನ್ ವಿರುದ್ಧ, ಕ್ಲೈವರ್ಟ್‌ಗೆ ಆ ಪಾಸ್ ತಳ್ಳಿದವನೂ ಅವನೇ. ಷರತ್ತು ಸಡಿಲ ಮಾಡಿದರೆ ಬರ್ಗ್‌ಕ್ಯಾಂಪ್‌ಗೆ ನಿಜವಾದ ಪೈಪೋಟಿ ಅವನೊಬ್ಬನೇ.

ರೆಡ್‌ಕಾರ್ಡ್_ರಾಯ

ಸ್ಟಾಪರ್ ಸರ್, ಬರೆದದ್ದು ಚೆನ್ನಾಗಿದೆ, ಒಪ್ಪುವುದು ಮಾತ್ರ ಕಷ್ಟ. ಕ್ಲಾರೆನ್ಸ್ ಸೀಡಾರ್ಫ್ ಹೆಸರನ್ನೇ ಎತ್ತಲಿಲ್ಲವಲ್ಲ ನೀವು?

ಮೂರು ಬೇರೆ ಬೇರೆ ಕ್ಲಬ್‌ಗಳ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದವನು ಅವನೊಬ್ಬನೇ. 1995ರಲ್ಲಿ ಅಯಾಕ್ಸ್, 1998ರಲ್ಲಿ ರಿಯಲ್ ಮ್ಯಾಡ್ರಿಡ್, 2003 ಮತ್ತು 2007ರಲ್ಲಿ ಮಿಲಾನ್. ನಿಮ್ಮ ಬರ್ಗ್‌ಕ್ಯಾಂಪ್ ಎಷ್ಟು ಗೆದ್ದ? ಸೊನ್ನೆ. 2006ರ ಫೈನಲ್‌ನಲ್ಲಿ ಆರ್ಸೆನಲ್ ಬೆಂಚಿನ ಮೇಲೆ ಕೂತಿದ್ದ, ಇಳಿಸಲೇ ಇಲ್ಲ. ವಿಮಾನ ಹತ್ತಲು ಹೆದರುತ್ತಿದ್ದವನು ಯುರೋಪಿನ ಎಷ್ಟೋ ಪಂದ್ಯಗಳಿಗೆ ಹೋಗಲೇ ಇಲ್ಲ. ದೊಡ್ಡ ಆಟಗಾರ ಅಂದಮೇಲೆ ದೊಡ್ಡ ರಾತ್ರಿಗಳಲ್ಲಿ ಮೈದಾನದಲ್ಲಿ ಇರಬೇಕಲ್ವಾ?

ಇಟಲಿಯ ವಿಷಯಕ್ಕೂ ಬರೋಣ. ಬರ್ಗ್‌ಕ್ಯಾಂಪ್ ಮಿಲಾನ್ ನಗರದ ಇಂಟರ್ ಕ್ಲಬ್‌ನಲ್ಲಿ ಎರಡು ಸೀಸನ್ ಕಷ್ಟಪಟ್ಟು ಜಾಗ ಖಾಲಿ ಮಾಡಿದ. ಸೀಡಾರ್ಫ್ ಅದೇ ಊರಿನ ಇನ್ನೊಂದು ಕ್ಲಬ್‌ನಲ್ಲಿ ಹತ್ತು ವರ್ಷ ಆಡಿದ. ಸುರಿನಾಮ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ನೆದರ್ಲ್ಯಾಂಡ್ಸ್‌ಗೆ ಬಂದು, ಹದಿನಾರಕ್ಕೆ ಅಯಾಕ್ಸ್ ಸೀನಿಯರ್ ತಂಡ. ಅಷ್ಟು ಚಿಕ್ಕ ವಯಸ್ಸಿನ ದಾಖಲೆ ಮುರಿಯಲು 2018ರಲ್ಲಿ ಗ್ರಾವೆನ್‌ಬರ್ಖ್ ಬರಬೇಕಾಯಿತು. ಡಚ್ಚರು ಇವನನ್ನು ಯಾಕೋ ಪೂರ್ತಿ ತಮ್ಮವನು ಅಂದುಕೊಳ್ಳಲೇ ಇಲ್ಲ. ರಾಷ್ಟ್ರೀಯ ತಂಡಕ್ಕಾಗಿ ತಪ್ಪಿಸಿದ ಪೆನಾಲ್ಟಿಗಳನ್ನೇ ನೆನಪಿಟ್ಟುಕೊಂಡರು.

ಕಾರ್ನರ್_ಫ್ಲ್ಯಾಗ್

ಎಲ್ಲರಿಗೂ ಥ್ಯಾಂಕ್ಸ್. 1998ರ ಗೋಲು ಈಗಷ್ಟೇ ನೋಡಿದೆ. ತಮ್ಮನೂ ಬಾಯಿ ಮುಚ್ಚಿಕೊಂಡು ನೋಡಿದ, ಅದೇ ದೊಡ್ಡ ವಿಷಯ. ಇನ್ನೊಂದು ಅನುಮಾನ. 1995ರ ಆ ತಂಡದಲ್ಲಿ ಇಷ್ಟೊಂದು ಒಳ್ಳೆಯ ಹುಡುಗರು ಇದ್ದರೂ ಮುಂದೆ ಅಯಾಕ್ಸ್ ಯಾಕೆ ಗೆಲ್ಲಲಿಲ್ಲ? ಎಲ್ಲರೂ ಒಟ್ಟಿಗೆ ಎದ್ದು ಹೋದರಾ?

ಹಳೇ_ಸ್ಟಾಪರ್

ಹೋದರು, ಬಹುಪಾಲು ಕೈಬೀಸಿಕೊಂಡು ಹೋದರು. 1995ರ ಮೇ ತಿಂಗಳಲ್ಲಿ ಕಪ್ ಬಂತು. ಆ ಸೀಸನ್ ಲೀಗ್‌ನಲ್ಲೂ ಒಂದೂ ಸೋಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಯುರೋಪಿಯನ್ ನ್ಯಾಯಾಲಯದ ಬೊಸ್ಮನ್ ತೀರ್ಪು ಬಂತು. ಅದಕ್ಕೆ ಮೊದಲು ಒಪ್ಪಂದ ಮುಗಿದ ಆಟಗಾರನನ್ನು ಒಯ್ಯಬೇಕಾದರೂ ಹಳೇ ಕ್ಲಬ್‌ಗೆ ದುಡ್ಡು ಕಟ್ಟಬೇಕಿತ್ತು. ತೀರ್ಪಿನ ನಂತರ ಅದು ಹೋಯಿತು. ಯುರೋಪಿಯನ್ ಒಕ್ಕೂಟದ ಆಟಗಾರರಿಗೆ ಹಾಕಿದ್ದ ವಿದೇಶಿ ಮಿತಿಯೂ ಹೋಯಿತು. ಡೇವಿಡ್ಸ್, ರೈಜಿಗರ್ 1996ರಲ್ಲಿ ಮಿಲಾನ್‌ಗೆ ಪುಕ್ಕಟೆಯಾಗಿ ಹೋದರು. ಮರುವರ್ಷ ಕ್ಲೈವರ್ಟ್ ಕೂಡ ಅದೇ ದಾರಿ ಹಿಡಿದ. ಏಳು ವರ್ಷದ ಮಗುವಿನಿಂದ ಸಾಕಿ ಬೆಳೆಸಿದ ಸ್ಟ್ರೈಕರ್, ಕ್ಲಬ್ಬಿಗೆ ಬಿಡಿಗಾಸೂ ಸಿಗಲಿಲ್ಲ! 1996ರ ಫೈನಲ್‌ನಲ್ಲಿ ಯುವೆಂಟಸ್ ಎದುರು ಪೆನಾಲ್ಟಿಯಲ್ಲಿ ಸೋತರು, 1997ರಲ್ಲಿ ಸೆಮಿಫೈನಲ್ ಮುಟ್ಟಿದರು. ಮತ್ತೆ ಸೆಮಿಫೈನಲ್ ನೋಡಲು 2019 ಬರಬೇಕಾಯಿತು. ಹುಡುಗರಿಗೆ ನಾನು ಬೈಯುವುದಿಲ್ಲ. ಆದರೆ ಅಕಾಡೆಮಿ ನಡೆಸುವ ಕ್ಲಬ್‌ಗೆ ಆ ತೀರ್ಪು ಕೊಟ್ಟ ಪೆಟ್ಟು ಸಣ್ಣದಲ್ಲ. ಆಮೇಲೆ ಅವರು ಒಪ್ಪಂದ ಮುಗಿಯುವ ಮೊದಲೇ ಮಾರುವುದನ್ನು ಕಲಿತರು. ಡಿ ಲಿಖ್ಟ್‌ನನ್ನು 7.5 ಕೋಟಿ ಯೂರೊಗೆ ಕೊಟ್ಟದ್ದು ಹಾಗೆಯೇ.

ರೆಡ್‌ಕಾರ್ಡ್ ರಾಯರೇ, ಕ್ರೈಫ್ ಬಿಟ್ಟರೆ ಉಳಿದವರ ಪಟ್ಟಿಯಲ್ಲಿ ಸೀಡಾರ್ಫ್‌ಗೆ ಎರಡನೇ ಸ್ಥಾನ ಕೊಡಲು ನನಗೆ ಬೇಜಾರಿಲ್ಲ. ಮೊದಲನೆಯದು ಮಾತ್ರ ಕೊಡುವುದಿಲ್ಲ. ಇಂಟರ್‌ನಲ್ಲಿ ಏನಾಯಿತು ನೋಡಿ. ಹತ್ತು ಮಂದಿ ಹಿಂದೆ ಕೂತು ಕಾಯುತ್ತಾರೆ, ಮುಂದೆ ಇವನು ಒಂಟಿ. ಪಾಸ್ ಕೊಡಲು ಹತ್ತಿರ ಯಾರೂ ಇಲ್ಲ. ಅಷ್ಟಾದರೂ 1994ರಲ್ಲಿ ಇಂಟರ್ ಯುಇಎಫ್‌ಎ ಕಪ್ ಗೆದ್ದಾಗ ಆ ಟೂರ್ನಿಯಲ್ಲಿ ಎಂಟು ಗೋಲು ಹೊಡೆದ. ವಿಮಾನದ ಮಾತು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. 2006ರಲ್ಲಿ ಆರ್ಸೆನಲ್ ಹೊಸ ಸ್ಟೇಡಿಯಂ ತೆರೆದಾಗ ಮೊದಲ ಪಂದ್ಯ ಇವನ ಬೀಳ್ಕೊಡುಗೆಗೆ, ಎದುರು ತಂಡ ಅಯಾಕ್ಸ್. ಕ್ರೈಫ್ ಕೂಡ ಬೂಟು ಕಟ್ಟಿಕೊಂಡು ಇಳಿದಿದ್ದ. 1986ರಲ್ಲಿ ಹದಿನೇಳರ ಬರ್ಗ್‌ಕ್ಯಾಂಪ್‌ನನ್ನು ಮೊದಲ ಸಲ ಸೀನಿಯರ್ ತಂಡಕ್ಕೆ ಇಳಿಸಿದ ಕೋಚ್ ಅವನೇ.

ಸ್ನೈಡರ್ ಬಗ್ಗೆ ಹೇಳಲೇ ಇಲ್ಲ. 2010ರ ಆ ಒಂದು ವರ್ಷ ತೆಗೆದುಕೊಂಡರೆ ಅವನು ಇವರೆಲ್ಲರಿಗೂ ಸಮ. ಇಂಟರ್ ಜೊತೆ ಮೂರು ಕಿರೀಟ, ವಿಶ್ವಕಪ್‌ನಲ್ಲಿ ಬ್ರೆಜಿಲ್ ವಿರುದ್ಧ ಎರಡು ಗೋಲು, ಫೈನಲ್. ಆದರೆ ಆ ಎತ್ತರದಲ್ಲಿ ಜಾಸ್ತಿ ದಿನ ನಿಲ್ಲಲಿಲ್ಲ.

ಬೆಂಚ್_ವಾರ್ಮರ್

ಅಣ್ಣಾ, ನೀವೇ ಸ್ಟಾಪರ್, ಆದರೂ ಪಟ್ಟಿಯಲ್ಲಿ ಒಬ್ಬ ಡಿಫೆಂಡರ್‌ಗೂ ಜಾಗ ಇಲ್ಲವಾ? ಫ್ರಾಂಕ್ ಡಿ ಬೋರ್‌ನ ಪಾಸ್ ಹೊಗಳಿ ಅಲ್ಲಿಗೇ ಬಿಟ್ಟಿರಿ. ಅವನೂ ಹದಿನಾಲ್ಕಕ್ಕೇ ಬಂದವನು.

ಹಳೇ_ಸ್ಟಾಪರ್

ಮೂರನೆಯವನು ಅವನೇ, ಸೀಡಾರ್ಫ್ ಹಿಂದೆ, ಕ್ಲೈವರ್ಟ್ ಮುಂದೆ. ಲೆಫ್ಟ್ ಬ್ಯಾಕ್ ಆಗಿ ಶುರುಮಾಡಿ ನಡುವಿಗೆ ಬಂದವನು. ಸ್ಟಾಪರ್ ಆದವನು ಚೆಂಡು ಗೆದ್ದ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಅವನ ಎಡಗಾಲು ಸಾಕು. ಪೆನಾಲ್ಟಿ ಹೊಡೆಯಲು ಮಾತ್ರ ಅವನನ್ನು ಕಳಿಸಬೇಡಿ. ಯೂರೊ 2000ರ ಸೆಮಿಫೈನಲ್‌ನಲ್ಲಿ ಇಟಲಿ ವಿರುದ್ಧ ಪಂದ್ಯದ ಮಧ್ಯೆ ಒಂದು, ಶೂಟೌಟ್‌ನಲ್ಲಿ ಇನ್ನೊಂದು, ಎರಡನ್ನೂ ಗೋಲ್‌ಕೀಪರ್ ಟೋಲ್ಡೊ ಕೈಗೆ ಕೊಟ್ಟ. ಅದೂ ಅಯಾಕ್ಸ್‌ನ ಸ್ವಂತ ಸ್ಟೇಡಿಯಂನಲ್ಲಿ.