ಸಿಂಗಾಪುರದಿಂದ ನೆವಾರ್ಕ್: ದೂರಕ್ಕೂ ಸಮಯಕ್ಕೂ ತಾಳೆ ಆಗ್ತಿಲ್ಲ

ಪಯಣಿಗ:
ಸಿಂಗಾಪುರದ ಚಾಂಗಿಯಿಂದ ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ಗೆ ನೇರ ವಿಮಾನ. ದೂರ ತೋರಿಸುವ ತಾಣದಲ್ಲಿ ಸುಮಾರು 15,340 ಕಿ.ಮೀ. ಅಂತಿದೆ. ಗಂಟೆಗೆ 900 ಕಿ.ಮೀ. ಹಿಡಿದರೆ 17 ಗಂಟೆ. ಟಿಕೆಟ್‌ನಲ್ಲಿ ನೋಡಿದರೆ ಹದಿನೆಂಟೂ ಮುಕ್ಕಾಲು. ಉಳಿದ ಸಮಯ ಎಲ್ಲಿ ಹೋಯ್ತು? ನಕ್ಷೆಯಲ್ಲಿ ಗೆರೆ ಬೇರೆ ಉತ್ತರ ಧ್ರುವದ ಹತ್ತಿರ ಹತ್ತಿ ಇಳಿದಿದೆ. ನಿಜಕ್ಕೂ ಅಲ್ಲೇ ಹೋಗ್ತಾರಾ?

ಗಾಳಿಲೆಕ್ಕ:
ಗೆರೆ ಸರಿಯಾಗಿಯೇ ಇದೆ. ನೆವಾರ್ಕ್ 74 ಡಿಗ್ರಿ ಪಶ್ಚಿಮ, ಚಾಂಗಿ 104 ಡಿಗ್ರಿ ಪೂರ್ವ. ಕೂಡಿದರೆ 178. 180 ಅಂದ್ರೆ ಭೂಗೋಳದ ಸರಿ ಎದುರು ಮಗ್ಗುಲು. ಇದು 180ಕ್ಕೆ ಇಷ್ಟು ಹತ್ತಿರ ಇದ್ದರೆ ಕಡಿಮೆ ದೂರದ ದಾರಿ ಧ್ರುವದ ಮಗ್ಗುಲಲ್ಲೇ ಹಾಯಬೇಕು. ಸುಮ್ನೆ ಕಾಗದದ ಮೇಲೆ ಹಾಕಿ ನೋಡಿ. ಚಾಂಗಿಯಿಂದ ಧ್ರುವಕ್ಕೆ 88.6 ಡಿಗ್ರಿ, ಧ್ರುವದಿಂದ ನೆವಾರ್ಕ್‌ಗೆ 49.3. ಒಟ್ಟು 137.9. ಡಿಗ್ರಿಗೆ 111.2 ಕಿ.ಮೀ. ಗುಣಿಸಿ. ನಿಮ್ಮ 15,340ರ ಹತ್ತಿರವೇ ಬಂತು, ಅಲ್ವಾ? ಎಲ್ಲ ಊರಿಗೂ ಇಷ್ಟು ಸಲೀಸಾಗಿ ಬರಲ್ಲ. ಅದಕ್ಕೇ ಈ ಜೋಡಿ ನನಗೆ ಇಷ್ಟ.

ಆದರೆ ಅದು ನೆಲದ ಲೆಕ್ಕ. ನಾನು ಕೆಲಸ ಮಾಡೋದು ಫ್ಲೈಟ್ ಪ್ಲಾನಿಂಗ್‌ನಲ್ಲಿ. ಪಾಳಿಗೆ ಕೂತ ತಕ್ಷಣ ತೆಗೆಯೋದು ಗಾಳಿಯ ಚಾರ್ಟ್, ಕಿಲೋಮೀಟರ್ ಆಮೇಲೆ. ಉತ್ತರ ಪೆಸಿಫಿಕ್ ಮೇಲೆ ಜೆಟ್ ಸ್ಟ್ರೀಮ್, ಅಂದ್ರೆ ತುಂಬಾ ಎತ್ತರದ ರಭಸದ ಗಾಳಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದು ಬೆನ್ನಿಗಿದ್ದರೆ ಸುತ್ತು ಹಾಕಿದರೂ ಲಾಭ, ಇಂಧನವೂ ಉಳಿಯುತ್ತದೆ. 2018ರ ಅಕ್ಟೋಬರ್‌ನಲ್ಲಿ ಸಿಂಗಾಪುರ್ ಏರ್‌ಲೈನ್ಸ್ ತುಂಬಾ ದೂರ ಹಾರಬಲ್ಲ ಎ350-900 ಯುಎಲ್‌ಆರ್ ವಿಮಾನ ಹಾಕಿ ಈ ಮಾರ್ಗವನ್ನು ಮತ್ತೆ ಶುರು ಮಾಡಿತು. ಆಗ ಅವರು ಹೇಳಿದ ದೂರ ಸುಮಾರು 16,700 ಕಿ.ಮೀ., ಸಮಯ 18 ಗಂಟೆ 45 ನಿಮಿಷದವರೆಗೆ. ಈಗ 16,700ನ್ನು 900ರಿಂದ ಭಾಗಿಸಿ.

ಇನ್ನೊಂದು ಮಾತು. ಟಿಕೆಟ್‌ನ ಸಮಯ ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗಿನದು. ರನ್‌ವೇ ಸಾಲಿನಲ್ಲಿ ನಿಂತಿದ್ದೂ ಅದರಲ್ಲೇ ಬಂತು.

ಕಿಟಕಿಸೀಟು:
ಗಾಳಿ ಅಂದ್ರೆ ಹುಡುಗಾಟ ಅಲ್ಲ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗೆ ಸಿಕ್ಕು ಬ್ರಿಟಿಷ್ ಏರ್‌ವೇಸ್‌ನ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಮುಟ್ಟಿತ್ತು. ಮಾಮೂಲಿಯಾಗಿ ಆರು ಗಂಟೆಗಿಂತ ಜಾಸ್ತಿ ಬೇಕು.

ಪಯಣಿಗ:
ಓಹೋ! ಹಾಗಾದ್ರೆ ಗಾಳಿ ಇಲ್ಲದ ದಿನ ಧ್ರುವದ ಮೇಲೇ ಹೋಗಬಹುದಾ?

ಗಾಳಿಲೆಕ್ಕ:
ಆ ದಾರಿ ಸೈಬೀರಿಯಾ ಮೇಲೆ ಹೋಗುತ್ತದೆ. ಯಾರ ಆಕಾಶ ಯಾರಿಗೆ ತೆರೆದಿದೆ ಅನ್ನೋದೂ ನೋಡಬೇಕಲ್ಲ. ಹೆಲ್ಸಿಂಕಿಯಿಂದ ಟೋಕಿಯೋಗೆ ಫಿನ್‌ಏರ್ ಸುಮಾರು ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿತ್ತು. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಅದು 13 ಗಂಟೆಗೆ ಹತ್ತಿತು. ಎರಡು ಊರಿನ ನಡುವಿನ ದೂರ ಒಂದು ಕಿಲೋಮೀಟರೂ ಬದಲಾಗಿಲ್ಲ ನೋಡಿ.

ಪಯಣಿಗ:
ಕೊನೇ ಪ್ರಶ್ನೆ. ನಡುರಾತ್ರಿ 12ಕ್ಕೆ ಹೊರಟರೆ ಅಲ್ಲಿ ಇಳಿದಾಗ ಎಷ್ಟು ಗಂಟೆ?

ಗಾಳಿಲೆಕ್ಕ:
ಅದೇ ದಿನ ಬೆಳಿಗ್ಗೆ 6:45. ಅಲ್ಲಿನ ಬೇಸಿಗೆ ಸಮಯದಲ್ಲಿ ವ್ಯತ್ಯಾಸ ಸರಿಯಾಗಿ 12 ಗಂಟೆ, ಮುಳ್ಳಿನ ವಾಚ್ ಆದರೆ ಮುಟ್ಟೋದೇ ಬೇಡ. ಚಳಿಗಾಲದಲ್ಲಿ 13, ಆಗ ಒಂದು ಗಂಟೆ ಹಿಂದಕ್ಕೆ ತಿರುಗಿಸಿ.