ಲಾನ್‌ನಾಗ ಅಲ್ಲಲ್ಲಿ ಬೋಳು ಬಿದ್ದದ, ಗೊಬ್ಬರ ಹಾಕಿದ್ರೂ ಹುಲ್ಲು ಬರವಲ್ದು

ರಾಯಚೂರು:
ಮನಿ ಮುಂದ 20 ಫೂಟ್ ಉದ್ದ, 15 ಫೂಟ್ ಅಗಲದ ಲಾನ್. ಎರಿ ಮಣ್ಣು, ನರ್ಸರಿಯಿಂದ ತಂದು ಹಾಸಿದ ಕಾರ್ಪೆಟ್ ಹುಲ್ಲು. ಎರಡನೇ ವರ್ಷಕ್ಕ ಗ್ವಾಡಿ ಕಡೆ ಊಟದ ತಾಟಿನಷ್ಟು ಅಗಲ ಮೂರು ಕಡೆ ಬೋಳಾಗ್ಯದ. ಯೂರಿಯಾ ಹಾಕಿದೆ, ಇನ್ನಷ್ಟು ಸುಟ್ಟಂಗಾತು. ಬ್ಯಾಸಗಿ ಬಿಸಿಲಿಗೇ ಹಿಂಗಾಗ್ಯದೇನು?

ಕೊಪ್ಪಳ:
ಬಿಸಿಲಿಗಾದ್ರ ಇಡೀ ಲಾನ್ ಕೆಂಪಾಗ್ತಿತ್ತು ಸರ್. ಬೋಳಿನ ಅಂಚಿನ ಹುಲ್ಲು ಹಿಡಿದು ಜಗ್ಗಿ ನೋಡ್ರಿ. ಚಾಪಿ ಎದ್ದಂಗ ಎದ್ದು ಬಂದ್ರ ಗೊಣ್ಣೆ ಹುಳ ಬೇರು ತಿಂದಾವ.

ರಾಯಚೂರು:
ಬರಲಿಲ್ಲ, ಗಟ್ಟಿ ಅದ. ಕೆದರಿದೆ, ಹುಳನೂ ಇಲ್ಲ. ಆದ್ರ ಮಣ್ಣಿನ ಮ್ಯಾಲ ಸುಣ್ಣ ಉದುರಿಸಿದಂಗ ಬೆಳ್ಳಗದ.

ಸಿಂಧನೂರು:
ಅದು ಉಪ್ಪು ರೀ! ನಮ್ಮ ಕಾಲುವಿ ಕಡಿ ಸವಳು ಬಿದ್ದ ಹೊಲ ನೋಡಿದವರಿಗೆ ಆ ಬಿಳಿ ಗುರುತು ಕೂಡ್ಲೇ ಸಿಗತೈತಿ. ಅಲ್ಲಿಗೆ ಯಾವ ನೀರು ಬಿಡ್ತೀರಿ?

ರಾಯಚೂರು:
ಬೋರ್ ನೀರು. ಮತ್ತ ಆರ್‌ಒ ಮಷೀನಿನ ವೇಸ್ಟ್ ನೀರು ಹಾಳಾಗಬಾರದು ಅಂತ ಮನ್ಯಾಗ ಬಕೆಟ್‌ನಾಗ ಹಿಡಿದು ಗ್ವಾಡಿ ಕಡೆ ಸುರೀತಾರ.

ಸಿಂಧನೂರು:
ಕಳ್ಳ ಸಿಕ್ಕ ನೋಡ್ರಿ. ಬೋರಿನ ಉಪ್ಪನ್ನೆಲ್ಲ ಆ ಮಷೀನು ವೇಸ್ಟ್ ಪೈಪಿಗೇ ತಳ್ಳತೈತಿ. ಎರಿ ಮಣ್ಣಿನಾಗ ನೀರು ಬ್ಯಾಗ ಬಸಿಯಂಗಿಲ್ಲ. ಬಿಸಿಲಿಗೆ ನೀರು ಆರತೈತಿ, ಉಪ್ಪು ಮ್ಯಾಲೇ ಉಳೀತೈತಿ. ಅದರ ಮ್ಯಾಲ ಯೂರಿಯಾ ಬ್ಯಾರೆ!

ಮೊದಲು ಬಕೆಟ್ ನಿಲ್ಲಸ್ರಿ. ಬಿಳಿ ಪದರ ಅರ್ಧ ಇಂಚು ಕೆರೆದು ಹೊರಗ ಹಾಕ್ರಿ. ಅರ್ಧ ಫೂಟ್ ಅಗದು ಚಲೋ ಕೊಳೆತ ತಿಪ್ಪಿಗೊಬ್ಬರ ಬೆರಸ್ರಿ. ಆಮ್ಯಾಲ ನಳದ ನೀರು ನಿಲ್ಲೋ ಹಂಗ ಬಿಟ್ಟು ಇಂಗಸ್ರಿ, ಆರಿದ ಮ್ಯಾಲ ಮತ್ತೊಮ್ಮೆ, ಮೂರು ನಾಕು ಸಲ. ಉಪ್ಪು ಬೇರಿನ ಕೆಳಗ ಇಳೀಬೇಕು. ದಿನಾ ಒಂಚೂರು ಚಿಮುಕಿಸಿದ್ರ ಇಳಿಯಂಗಿಲ್ಲ. ಜಿಪ್ಸಂ ಹಾಕ್ರಿ ಅಂತ ಯಾರರ ಹೇಳ್ತಾರ. ಅದು ಸೋಡಿಯಂ ಹೆಚ್ಚಾದ ಮಣ್ಣಿಗೆ, ಮಣ್ಣು ಪರೀಕ್ಷೆ ಮಾಡಿಸದ ಹಾಕಬ್ಯಾಡ್ರಿ.

ಕೊಪ್ಪಳ:
ನನ್ನ ಊಹೆ ತಪ್ಪಾತು. ನಾನಾದ್ರ ಆ ಜಾಗಕ್ಕ ಗರಿಕಿ ಹಚ್ತಿದ್ದೆ, ಗಣಪ್ಪಗ ಏರಸ್ತೀವಲ್ಲ, ಅದೇ. ಬಿಸಿಲು, ಉಪ್ಪು ಎರಡೂ ತಡಕೊಳ್ತದ. ಆದ್ರ ಉಳಿದ ಹುಲ್ಲಿನಾಗೂ ನುಗ್ತದ, ಬಣ್ಣ ಬ್ಯಾರೆ ಕಾಣ್ತದ. ಬ್ಯಾಡಂದ್ರ ನಿಮ್ಮ ಲಾನಿನ ಬಳ್ಳಿನೇ ಕತ್ತರಸ್ರಿ. 2-3 ಗೆಣ್ಣಿರೋ ತುಂಡು, 3 ಇಂಚಿಗೊಂದು, ಗೆಣ್ಣು ಮಣ್ಣೊಳಗಿರ್ಲಿ. ಜೂನ್ ಮಳಿ ಬಿದ್ದ ಮ್ಯಾಲ ಹಚ್ಚಿದ್ರ ಚಲೋ ಹಿಡೀತದ.

ರಾಯಚೂರು:
ಮನ್ಯಾಗ ಹೇಳಿದೆ. "ಹಂಗಾರ ಬಚ್ಚಲಾ ತೊಳಿಯಾಕ ಇಟ್ಕೋತೀನಿ" ಅಂದ್ಲು. ಮೂಲ್ಯಾಗಿನ ಬೇವಿನ ಗಿಡದ ಕೆಳಗೂ ಬೋಳದ, ಅಲ್ಲಿ ಬಿಳುಪಿಲ್ಲ. ಅದಕ್ಕೂ ಇದೇ ಮಾಡ್ಲೇನು?

ಕೊಪ್ಪಳ:
ಅದು ನೆರಳಿಗೆ ಆಗಿದ್ದು. ಅಲ್ಲಿ ಗರಿಕಿನೂ ಬರಂಗಿಲ್ಲ. ಒಂದು ಕಟ್ಟಿ ಕಟ್ಟಿಸಿ ಕುಂದರ್ರಿ.